ಮುಪ್ಪಿನ ಕೈಗೂ ಕೆಲಸ ಬೇಕು
(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಗೋಷ್ಠಿಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರ ಅಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಗದ್ದೆಗೆ ಇಳಿದವನು ಇನ್ನೂ ಮೇಲೆ ಹತ್ತಿಲ್ಲ. ಸಾಲ, ವಸೂಲಿ, ಗೊಬ್ಬರ, ಷೇರು ಬಂಡವಾಳದ ವಿಚಾರವನ್ನು ಬೆಳಿಗ್ಗೆಯೇ ಕಾರ್ಯದರ್ಶಿಗಳು ಅಂಕಿ ಅಂಶ ಸಮೇತ ವಿವರಿಸಿದ್ದಾರೆ. ಹಾಗಾಗಿ ನಾನು ಲೆಕ್ಕದ ಪುಸ್ತಕದಲ್ಲಿ ಬರದ ಒಂದು ವಿಷಯ ಎತ್ತಿಕೊಂಡಿದ್ದೇನೆ. ಅದು ವೃದ್ಧಾಶ್ರಮದಲ್ಲಿರುವ ಹಿರಿಯರು ಒಟ್ಟಿಗೆ ಕೂತು ಮಾಡುವ ಕೈಕೆಲಸದ ವಿಷಯ. "ರೈತರ ಸಂಘಕ್ಕೂ ವೃದ್ಧಾಶ್ರಮಕ್ಕೂ ಏನ್ ಸಂಬಂಧ ಮಾರಾಯ?" ಅಂತ ನಿನ್ನೆ ಸಂಜೆ ಒಬ್ಬರು ನನ್ನನ್ನು ಕೇಳಿದರು. ಸಂಬಂಧ ಇದೆ. ಸ್ವಲ್ಪ ತಾಳ್ಮೆಯಿಂದ ಕೇಳಿ.

ನನ್ನ ದೊಡ್ಡವ್ವನನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ನಮ್ಮ ದೀವರ ಮನೆಗಳಲ್ಲಿ ಮದುವೆ ಗೊತ್ತಾಯಿತು ಅಂದರೆ ಹಸೆ ಗೋಡೆ ಬರೆಯಲು ಅವಳನ್ನೇ ಕರೆಯುತ್ತಿದ್ದರು. ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ನೆನೆಸಿ ಅರೆದು ಬಿಳಿ ಮಾಡಿಕೊಂಡು, ಅಕ್ಕಿಯನ್ನೇ ಕರ್ರಗೆ ಹುರಿದು ಕಪ್ಪು ಮಾಡಿಕೊಂಡು, ಗುರಿಗೆ ಕಾಯಿಯಿಂದ ಹಳದಿ ತೆಗೆದು, ಪುಂಡಿ ನಾರಿನ ಕುಂಚದಲ್ಲಿ ಎಳೆ ಎಳೆಯುತ್ತಾ ಕೂತಳೆಂದರೆ ಊಟದ ನೆನಪು ಇರುತ್ತಿರಲಿಲ್ಲ. ಒಬ್ಬಳು ಎಳೆ ಎಳೆದರೆ ಇನ್ನೊಬ್ಬಳು ಬಣ್ಣ ತುಂಬುವಳು, ಮೂರನೆಯವಳು ಹಾಡು ಹೇಳುವಳು. ಭೂಮಿ ಹುಣ್ಣಿಮೆ ಬಂತೆಂದರೆ ಭೂಮಣ್ಣಿ ಬುಟ್ಟಿಯೂ ಅವಳದ್ದೇ. ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆದು, ದೊಡ್ಡದೊಂದು ಚಿಕ್ಕದೊಂದು ತಯಾರು ಮಾಡುತ್ತಿದ್ದಳು. ಬೆಳಗಿನ ಜಾವ ನಾವು ಹುಡುಗರು ಆ ಬುಟ್ಟಿಯ ಹಿಂದೆ ದೀವಟಿಗೆ ಹಿಡಿದು ಗದ್ದೆಗೆ ಹೋಗುತ್ತಿದ್ದೆವು.

ದೊಡ್ಡಪ್ಪ ತೀರಿಕೊಂಡ ಮೇಲೆ ಅಣ್ಣ ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋದ. ಮೂರನೇ ಮಹಡಿಯ ಮನೆ. ಅವಳಿಗೆ ಅಲ್ಲಿ ಉಸಿರು ಕಟ್ಟಿತು. ಎರಡು ವರ್ಷದ ನಂತರ ನಮ್ಮ ಜಿಲ್ಲೆಯ ಒಂದು ಊರಿನಲ್ಲಿದ್ದ ವೃದ್ಧಾಶ್ರಮಕ್ಕೆ ಸೇರಿಸಿದ. ಅಣ್ಣನನ್ನು ಬೈಯಬೇಡಿ. ತಿಂಗಳು ತಿಂಗಳು ಹಣ ಕಳಿಸಿದ, ಬಂದು ನೋಡಿದ. ನಮ್ಮ ಮನೆಯಲ್ಲೇ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ನೀವು ನನ್ನನ್ನು ಕೇಳಬಹುದು. ಕೇಳುವ ಹಕ್ಕು ನಿಮಗಿದೆ. ನಮ್ಮ ಅವ್ವ ಆಗ ಹಾಸಿಗೆ ಹಿಡಿದಿದ್ದಳು, ಮನೆಯವಳೊಬ್ಬಳೇ ಎಲ್ಲ ನೋಡಬೇಕಿತ್ತು, ಇದು ಕಾರಣ. ಆದರೆ ಕಾರಣ ಹೇಳಿದಷ್ಟು ಸುಲಭಕ್ಕೆ ಮನಸ್ಸು ಒಪ್ಪಲಿಲ್ಲ. ಆ ಸಂಕಟಕ್ಕೇ ನಾನು ಹದಿನೈದು ದಿನಕ್ಕೊಮ್ಮೆ ಬಸ್ ಹತ್ತುತ್ತಿದ್ದೆ.

ಆಶ್ರಮ ಚೊಕ್ಕಟವಾಗಿಯೇ ಇತ್ತು. ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ, ವಾರಕ್ಕೊಮ್ಮೆ ಡಾಕ್ಟರು. ಮೂವತ್ತರ ಮೇಲೆ ಜನ. ಎಲ್ಲರೂ ಗೋಡೆಗೆ ಒರಗಿಸಿದ ಕುರ್ಚಿಗಳಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿ ಕೂತಿರುತ್ತಿದ್ದರು, ಎದುರಿಗೆ ಟಿ.ವಿ. ಅದನ್ನು ನೋಡುವವರು ಇಬ್ಬರೋ ಮೂವರೋ. ಪಕ್ಕದ ಕುರ್ಚಿಯವರ ಊರು ಯಾವುದೆಂದು ಕೇಳಿದರೆ ಗೊತ್ತಿಲ್ಲ ಅನ್ನುತ್ತಿದ್ದರು.

2018ರ ಭೂಮಿ ಹುಣ್ಣಿಮೆಗೆ ವಾರ ಇತ್ತು. ನಾನು ಹೋದಾಗ ಅಲ್ಲಿಯ ಮೇಲ್ವಿಚಾರಕರು ನನ್ನನ್ನು ಬದಿಗೆ ಕರೆದು, "ನಿಮ್ಮ ಅಜ್ಜಿಗೆ ಅರಳು ಮರಳು ಶುರುವಾಗಿದೆ. ಊಟದ ತಟ್ಟೆಯ ಮಜ್ಜಿಗೆಯಲ್ಲಿ ಬೆರಳದ್ದಿ ನೆಲವೆಲ್ಲ ಗೀಚುತ್ತಾರೆ. ದೊಡ್ಡ ಡಾಕ್ಟರಿಗೆ ತೋರಿಸುವುದು ಒಳ್ಳೆಯದು" ಅಂದರು. ಎದೆ ಧಸಕ್ ಎಂದಿತು. ಹೋಗಿ ನೋಡಿದೆ. ಸಿಮೆಂಟು ನೆಲದ ಮೇಲೆ ಮಜ್ಜಿಗೆ ಒಣಗಿ ಬೆಳ್ಳಗಿನ ಗೀರುಗಳು ಎದ್ದಿದ್ದವು. ಬಗ್ಗಿ ನೋಡಿದರೆ ಜೋಡಿ ಎಳೆಗಳು, ಸ್ಕೇಲಿಟ್ಟು ಎಳೆದ ಹಾಗೆ ಒಂದೇ ಅಂತರ, ನಡುವೆ ಅಡ್ಡ ಎಳೆ. ಚಿತ್ತಾರದ ಎಳೆ!

"ಏನ್ ದೊಡ್ಡವ್ವ ಇದು?" ಅಂದೆ.

"ಹುಣ್ಣಿಮೆ ಹತ್ರ ಬಂತಲ್ಲ ತಮ್ಮಾ, ಕೈ ಸುಮ್ನೆ ಇರೂದಿಲ್ಲ" ಅಂದಳು.

ದೊಡ್ಡವ್ವನ ತಲೆ ಸರಿಯಾಗಿತ್ತು. ಅವಳಿಗೆ ಬೇಕಾಗಿದ್ದದ್ದು ಬುಟ್ಟಿ ಮತ್ತು ಕೆಮ್ಮಣ್ಣು. ಎಂಟು ವರ್ಷ ಶಾಲೆಗೆ ಹೋಗದ ಮುದುಕಿಯ ಎಂಬತ್ತು ವರ್ಷದ ವಿದ್ಯೆ ಆ ಆಶ್ರಮದ ದಾಖಲೆ ಪುಸ್ತಕದಲ್ಲಿ ಇರಲಿಲ್ಲ. ಹೆಸರು, ವಯಸ್ಸು, ಬಿ.ಪಿ., ಸಕ್ಕರೆ ಇಷ್ಟು ಬರೆದಿದ್ದರು. ನಿಮಗೆ ಏನು ಕೆಲಸ ಬರುತ್ತದೆ ಎಂಬ ಕಾಲಂ ಇರಲಿಲ್ಲ.

ಇದು ಆ ಒಂದು ಆಶ್ರಮದ ತಪ್ಪು ಅಂತ ನಾನು ಹೇಳಲಾರೆ. 2007ರಲ್ಲಿ ಕೇಂದ್ರ ಸರ್ಕಾರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣದ ಕಾಯ್ದೆ ಮಾಡಿತು. ವಕೀಲರೊಬ್ಬರ ಹತ್ತಿರ ಅದನ್ನು ಓದಿಸಿ ಕೇಳಿದೆ. 19ನೇ ಕಲಮಿನಲ್ಲಿ ರಾಜ್ಯ ಸರ್ಕಾರಗಳು ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಮಂದಿ ನಿರ್ಗತಿಕ ಹಿರಿಯರು ಇರುವಷ್ಟು ದೊಡ್ಡ ವೃದ್ಧಾಶ್ರಮ ಸ್ಥಾಪಿಸಬಹುದು ಎಂದಿದೆ. ಅಲ್ಲಿ ಇರಬೇಕಾದ ಸೌಲಭ್ಯಗಳ ಮಾತು ಬಂದಾಗ ವೈದ್ಯಕೀಯ ಆರೈಕೆ, ಮನರಂಜನೆ ಎಂದಿದೆ. ಮನರಂಜನೆ! ಕಾನೂನು ಬರೆದವರು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾರೆ. ಆದರೆ ಜೀವಮಾನವೆಲ್ಲ ನಾಟಿ ನೆಟ್ಟ, ಚಾಪೆ ಹೆಣೆದ, ಹಗ್ಗ ಹೊಸೆದ ಕೈಗಳಿಗೆ ಮನರಂಜನೆ ಅಂದರೆ ಏನು? ಅದು ಎಲ್ಲ ಕಡೆ ಒಂದು ಟಿ.ವಿ. ಆಗಿ ಗೋಡೆಗೆ ನೇತು ಬಿದ್ದಿದೆ.

ಮುಂದಿನ ಸಲ ಹೋಗುವಾಗ ನಾನು ಎರಡು ಬುಟ್ಟಿ, ಒಂದು ಡಬ್ಬಿ ಕೆಮ್ಮಣ್ಣು, ಅರೆದ ಅಕ್ಕಿ, ಪುಂಡಿ ನಾರು ಒಯ್ದೆ. ಬಸ್ಸಿನಲ್ಲಿ ಕೆಮ್ಮಣ್ಣು ಚೆಲ್ಲಿ ಪಂಚೆಯೆಲ್ಲ ಕೆಂಪಾಗಿ, ಕಂಡಕ್ಟರು ಗಾಬರಿಯಾಗಿ ಏನಾಯ್ತು ಅಂತ ಕೇಳಿದ್ದು ಬೇರೆ ಕಥೆ. ದೊಡ್ಡವ್ವ ಹಿಂದಿನ ಜಗಲಿಯಲ್ಲಿ ಕೂತು ಬರೆಯತೊಡಗಿದಳು. ಅರ್ಧ ಗಂಟೆ ಆಗಿರಲಿಲ್ಲ, ಸಾಗರ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಬಂದು ಪಕ್ಕದಲ್ಲಿ ನಿಂತರು. ನಿಂತವರು ಕೂತರು. "ನಮ್ಮ ಕಡೆ ರಂಗೋಲಿ ಬೇರೆ ಥರ" ಅಂದರು. "ಬರ್ದು ತೋರ್ಸಿ ಕಾಣನ" ಅಂದಳು ದೊಡ್ಡವ್ವ. ಶುರುವಾದದ್ದು ಹಾಗೆ.

ಆಮೇಲೆ ನಾನು ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ನೋಡಿ, ಅದೇನು ಭಂಡಾರ! ಶಿಕಾರಿಪುರ ಸೀಮೆಯ ಒಬ್ಬ ತಾಯಿಗೆ ಕೌದಿ ಹೊಲಿಯಲು ಬರುತ್ತಿತ್ತು, ಹಳೇ ಸೀರೆಯ ತುಂಡು ಕಂಡರೆ ಸಾಕು, ಬಣ್ಣಕ್ಕೆ ಬಣ್ಣ ಹೊಂದಿಸಿ ನೆಲದ ಮೇಲೆ ಹರಡಿಬಿಡುವರು. ಒಬ್ಬರು ದರ್ಜಿ ಸಾಬರು, ಕಣ್ಣು ಮಂಜಾಗಿದ್ದರೂ ಬೆರಳ ತುದಿಯಲ್ಲೇ ಹೊಲಿಗೆ ಸರಿಯಾಗಿದೆಯೋ ಇಲ್ಲವೋ ಹೇಳುವರು. ಒಬ್ಬರು ಭತ್ತದ ತೆನೆ ತೋರಣ ಕಟ್ಟುವವರು. ಒಬ್ಬ ಅಜ್ಜ ಕೃಷಿ ಕೂಲಿ ಮಾಡಿಕೊಂಡಿದ್ದವರು, ಹಗ್ಗ ಹೊಸೆಯುವುದರಲ್ಲಿ ನಿಸ್ಸೀಮ. ತೊಡೆಯ ಮೇಲೆ ನಾರಿಟ್ಟು ಒಂದು ಸಲ ಕೈ ಆಡಿಸಿದರೆ ಹುರಿ ಕೂತುಬಿಡುತ್ತಿತ್ತು. ನಮ್ಮ ಸೊರಬ, ಸಾಗರದ ಗುಡಿಗಾರರ ಶ್ರೀಗಂಧದ ಕೆತ್ತನೆ, ಬೆಂಡಿನ ಬಾಸಿಂಗದ ಹೆಸರು ದೇಶಕ್ಕೆಲ್ಲ ಗೊತ್ತು. ಆದರೆ ಹೆಸರಿಲ್ಲದ ಇಂಥ ಕಸುಬು ಮನೆಮನೆಯಲ್ಲೂ ಇತ್ತು. ಅದನ್ನು ಕಸುಬು ಅಂತ ನಾವು ಯಾವತ್ತೂ ಲೆಕ್ಕಕ್ಕೇ ಹಿಡಿಯಲಿಲ್ಲ.

ಅಡಚಣೆ ಇರಲಿಲ್ಲವೇ ಅಂದರೆ ಬೇಕಾದಷ್ಟು ಇತ್ತು. ಆಶ್ರಮದವರಿಗೆ ಕತ್ತಿ, ಕತ್ತರಿ ಅಂದರೆ ಭಯ. ಯಾರಿಗಾದರೂ ಗಾಯವಾದರೆ ಜವಾಬ್ದಾರಿ ಯಾರದ್ದು ಅಂದರು. ಅವರು ಹೇಳುವುದೂ ನ್ಯಾಯವೇ. ಬಿದಿರು ಸೀಳಿದ ಕಡ್ಡಿಯನ್ನು, ಹದ ಮಾಡಿದ ಈಚಲು ಗರಿಯನ್ನು ಊರಿಂದಲೇ ತಯಾರು ಮಾಡಿ ತರುತ್ತೇನೆ ಎಂದು ಒಪ್ಪಿಸಿದೆ. ನೆಲದ ಮೇಲೆ ಕೂತರೆ ಮಂಡಿ ಏಳಲು ಬಿಡುವುದಿಲ್ಲ, ಅದಕ್ಕೆ ಊಟದ ಮೇಜನ್ನೇ ಗುರುವಾರ ಮಧ್ಯಾಹ್ನ ಕಿಟಕಿಯ ಹತ್ತಿರ ಎಳೆದುಕೊಂಡೆವು. ಗುರುವಾರ ಅಂದರೆ ಗುರುವಾರ. ನಾನು ಬರಲಾಗದಿದ್ದರೂ ಸಾಮಾನು ಮೇಜಿನ ಮೇಲೆ ಇರಬೇಕು. ದಿನ ತಪ್ಪಿದರೆ ಅವರಿಗೆ ಆಸೆ ತಪ್ಪುತ್ತದೆ, ಇದನ್ನು ಪೆಟ್ಟು ತಿಂದೇ ಕಲಿತೆ. ಜಗಳವೂ ಆಗುತ್ತಿತ್ತು. ಹಸಿರು ತುಂಡು ನೀನು ತಗೊಂಡೆ, ನಾನು ತಗೊಂಡೆ ಅಂತ ಎರಡು ವಾರ ಮಾತು ಬಿಟ್ಟವರಿದ್ದಾರೆ. ಮೇಲ್ವಿಚಾರಕರು ಬೇಜಾರು ಮಾಡಿಕೊಂಡರು. ನನಗೆ ಮಾತ್ರ ಸಮಾಧಾನವೇ ಆಯಿತು. ಮೊದಲು ಜಗಳ ಆಡಲೂ ಒಬ್ಬರಿಗೊಬ್ಬರು ಗುರುತಿರಲಿಲ್ಲ.

ಗಂಡಸರು ಬರುವುದು ಕಷ್ಟ. ಸುಮ್ಮನೆ ಹರಟೆಗೆ ಬನ್ನಿ ಎಂದರೆ ಬರುವುದಿಲ್ಲ. ಕುರ್ಚಿಯ ಕಾಲು ಅಲ್ಲಾಡುತ್ತಿದೆ, ಸ್ವಲ್ಪ ನೋಡಿ ಎಂದರೆ ಬರುತ್ತಾರೆ. ಆಸ್ಟ್ರೇಲಿಯಾ ದೇಶದಲ್ಲಿ 1990ರ ದಶಕದಿಂದ ಇದನ್ನೇ ಮಾಡಿದ್ದಾರಂತೆ. ವಯಸ್ಸಾದ ಗಂಡಸರಿಗಾಗಿ ಊರೂರಲ್ಲಿ ಒಂದೊಂದು ಶೆಡ್ಡು, ಅದರಲ್ಲಿ ಮರಗೆಲಸ, ರಿಪೇರಿ ಕೆಲಸ. ಎದುರು ಬದುರು ಕೂತರೆ ಬಾಯಿ ಬಿಡದ ಗಂಡಸು, ಪಕ್ಕದಲ್ಲಿ ನಿಂತು ಮೊಳೆ ಹೊಡೆಯುವಾಗ ಹೆಂಡತಿ ಸತ್ತ ದುಃಖ ಹೇಳಿಕೊಳ್ಳುತ್ತಾನೆ. ನಮ್ಮಲ್ಲಿ ಹಗ್ಗದ ಅಜ್ಜ ಆರು ತಿಂಗಳು ಯಾರ ಜೊತೆಗೂ ಮಾತಾಡಿರಲಿಲ್ಲ. ಹುರಿಯ ಇನ್ನೊಂದು ತುದಿ ಹಿಡಿದುಕೊಳ್ಳಲು ಯಾರಾದರೂ ಬೇಕಲ್ಲ, ಸಾಬರು ಹಿಡಿದುಕೊಂಡರು. ಅವತ್ತಿನಿಂದ ಇಬ್ಬರೂ ಒಟ್ಟಿಗೆ ಟೀ ಕುಡಿಯುತ್ತಿದ್ದರು.

ಆ ಅಜ್ಜ ಹೊಸೆದದ್ದು ಕಣ್ಣಿ, ಮೂಗುದಾರ. ಪೇಟೆಯ ಆಶ್ರಮದಲ್ಲಿ ದನ ಎಲ್ಲಿದೆ? ಅದನ್ನು ನಾನು ಊರಿಗೆ ತಂದೆ. ಈ ಸಭೆಯಲ್ಲಿ ಕೂತಿರುವ ಕೆಲವರ ಎಮ್ಮೆ ಆ ಅಜ್ಜನ ಕಣ್ಣಿಯಲ್ಲೇ ಕಟ್ಟಿಕೊಂಡಿದ್ದವು. "ಎಮ್ಮೆ ಎಳೆದ್ರೂ ಹರಿಲಿಲ್ಲ ಅಜ್ಜ" ಅಂತ ನಾನು ಹೋಗಿ ಹೇಳಿದಾಗ ಅವರ ಮುಖ ನೋಡಬೇಕಿತ್ತು. ಮಕ್ಕಳಿಗೆ ಹೇಳಿದ ಹಾಗೆ ಶಭಾಷ್ ಎಂದು ಚಪ್ಪಾಳೆ ತಟ್ಟಿದರೆ ಹಿರಿಯರಿಗೆ ಸಿಟ್ಟು ಬರುತ್ತದೆ. ಮಾಡಿದ ವಸ್ತು ಉಪಯೋಗಕ್ಕೆ ಬಂತೋ ಇಲ್ಲವೋ, ಅದನ್ನು ಹೇಳಿ.

ಇನ್ನು ನನ್ನ ತಪ್ಪನ್ನು ಹೇಳಬೇಕು. ಸಹಕಾರಿ ತಲೆ ನನ್ನದು, ಲೆಕ್ಕ ಬಿಡುವುದಿಲ್ಲ. 2019ರಲ್ಲಿ ಪೇಟೆಯ ಅಂಗಡಿಯವರೊಬ್ಬರು ಚಿತ್ತಾರದ ಬುಟ್ಟಿ ನೋಡಿ, ದೀಪಾವಳಿಯೊಳಗೆ ನೂರು ಬುಟ್ಟಿ ಬೇಕು ಅಂದರು. ಹೂಂ ಎಂದುಬಿಟ್ಟೆ. ಪುಸ್ತಕ ಮಾಡಿದೆ. ಯಾರು ಎಷ್ಟು ಮಾಡಿದರು, ಯಾರಿಗೆ ಎಷ್ಟು ರೂಪಾಯಿ. ಎರಡನೇ ವಾರಕ್ಕೆ ಮೇಜಿನ ಮೇಲೆ ಮಾತು ನಿಂತುಹೋಯಿತು. ಕೈ ನಡುಗುವವರು ಹಿಂದೆ ಬಿದ್ದರು. ಶಿಕ್ಷಕಿಯವರು ತಮ್ಮ ಹೆಸರಿನ ಮುಂದೆ ಎರಡೇ ಇದೆ ಎಂದು ಕಣ್ಣೀರು ಹಾಕಿದರು. ಅಂಗಡಿಯವರು ಎಳೆ ದಪ್ಪ ಇರಲಿ, ಪೇಂಟಿನಲ್ಲಿ ಬರೆಯಲಿ ಎಂದು ಹೇಳಿ ಕಳಿಸಿದರು. ದೊಡ್ಡವ್ವ ಕುಂಚ ಕೆಳಗಿಟ್ಟಳು. "ನಂಗೆ ಕೂಲಿ ಬ್ಯಾಡ ತಮ್ಮಾ. ಕೂಲಿ ಮಾಡಿ ಮಾಡಿ ಸಾಕಾಗೈತಿ" ಅಂದಳು. ಇಪ್ಪತ್ತಮೂರು ಬುಟ್ಟಿಗೇ ನಿಲ್ಲಿಸಿ, ಅಂಗಡಿಯವರ ಹತ್ತಿರ ಕ್ಷಮೆ ಕೇಳಿದೆ.

ಹಾಗಂತ ಮಾರಲೇಬಾರದು ಎಂದೂ ನಾನು ಹೇಳುವುದಿಲ್ಲ. ಆಮೇಲೆ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಮೇಜು ಹಾಕಿ, ಇದ್ದಷ್ಟು ಮಾರಿದೆವು. ಬಂದ ಹಣ ಯಾರ ಹೆಸರಿಗೂ ಇಲ್ಲ, ಒಂದು ಬಿಸ್ಕತ್ತಿನ ಡಬ್ಬಿಗೆ. ಆ ಡಬ್ಬಿಯಿಂದ ದಾರ ಬಂತು, ಸಾಬರಿಗೆ ಕನ್ನಡಕ ಬಂತು, ಯುಗಾದಿಗೆ ಎಲ್ಲರಿಗೂ ಜಿಲೇಬಿ ಬಂತು. ಡಬ್ಬಿಯ ಕೀಲಿಕೈಗೆ ಅವರವರೇ ಚುನಾವಣೆ ಮಾಡಿಕೊಂಡು ಶಿಕ್ಷಕಿಯವರನ್ನು ಆರಿಸಿದರು. ನಮ್ಮ ಸಂಘದ ಚುನಾವಣೆಗಿಂತ ಶಾಂತಿಯುತವಾಗಿ ನಡೆಯಿತು ಎಂದು ಮಾತ್ರ ಹೇಳುತ್ತೇನೆ.

ಇದರಿಂದ ಆರೋಗ್ಯಕ್ಕೆ ಲಾಭ ಉಂಟೇ ಎಂದು ಕೇಳುವವರಿದ್ದಾರೆ. ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು 85 ದಾಟಿದ 256 ಮಂದಿಯನ್ನು ಕೆಲವು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿತ್ರ ಬರೆಯುವುದು, ಹೊಲಿಗೆ, ಮರಗೆಲಸದಂಥ ಕೈಕೆಲಸ ಇಟ್ಟುಕೊಂಡವರಲ್ಲಿ ಮರೆವಿನ ತೊಂದರೆ ಕಡಿಮೆ ಕಂಡುಬಂತು. ಕೈಕೆಲಸ ಮಾಡಿದ್ದಕ್ಕೇ ತಲೆ ಗಟ್ಟಿಯಾಗಿ ಉಳಿಯಿತೋ, ತಲೆ ಗಟ್ಟಿ ಇದ್ದವರೇ ಕೈಕೆಲಸ ಮಾಡಿದರೋ, ಅಷ್ಟರಿಂದಲೇ ತೀರ್ಮಾನ ಆಗುವುದಿಲ್ಲ. ನನಗೆ ಕಂಡದ್ದು ಇಷ್ಟು: ಗುರುವಾರ ಬೆಳಿಗ್ಗೆ ಅವರು ತಲೆ ಬಾಚಿಕೊಂಡು, ಒಳ್ಳೆ ಬಟ್ಟೆ ಹಾಕಿಕೊಂಡು ಕೂತಿರುತ್ತಿದ್ದರು.

2020ರ ಮಾರ್ಚಿನಲ್ಲಿ ಕೊರೊನಾ ಲಾಕ್‌ಡೌನ್ ಆಯಿತು. ಆಶ್ರಮದ ಗೇಟು ಮುಚ್ಚಿತು. ಸಾಮಾನು ಕಳಿಸುವ ಹಾಗಿಲ್ಲ, ನೋಡುವ ಹಾಗಿಲ್ಲ. ಎಲ್ಲ ಮುಗಿಯಿತು ಎಂದುಕೊಂಡೆ. ತಿಂಗಳುಗಟ್ಟಲೆ ಆದ ಮೇಲೆ ಹೋಗಿ ನೋಡಿದರೆ ಗುರುವಾರ ನಿಂತಿರಲೇ ಇಲ್ಲ. ಹೊಸ ದಾರ ಇಲ್ಲದ್ದಕ್ಕೆ ಹೆಣೆದದ್ದನ್ನು ಬಿಚ್ಚಿ ಮತ್ತೆ ಹೆಣೆದಿದ್ದರು. ಒಂದೇ ಹಗ್ಗವನ್ನು ಅಜ್ಜ ಎಷ್ಟು ಸಲ ಬಿಚ್ಚಿ ಹೊಸೆದಿದ್ದರೋ, ನಾರೆಲ್ಲ ಹತ್ತಿಯ ಹಾಗೆ ಮೆತ್ತಗಾಗಿತ್ತು. ಮೇಜಿನ ಸುತ್ತ ಮೂರು ಕುರ್ಚಿ ಖಾಲಿ ಇದ್ದವು. ಸಾಬರ ಕುರ್ಚಿಯೂ ಖಾಲಿ. ಅವರ ಕನ್ನಡಕ ಡಬ್ಬಿಯ ಮೇಲೆ ಇತ್ತು, ಯಾರೂ ತೆಗೆದಿರಲಿಲ್ಲ.

ದೊಡ್ಡವ್ವ 2023ರ ಮಳೆಗಾಲದಲ್ಲಿ ತೀರಿಕೊಂಡಳು. ಕೊನೆಯ ಎರಡು ವರ್ಷ ನನ್ನ ಮಗಳು ರಜೆ ಸಿಕ್ಕಾಗಲೆಲ್ಲ ಅಲ್ಲಿಗೆ ಹೋಗಿ ಎಳೆ ಎಳೆಯುವುದನ್ನು ಕಲಿತಳು. ಅವಳ ಎಳೆ ಇನ್ನೂ ಸೊಟ್ಟ. ಆದರೂ ಈಗ ನಮ್ಮ ಮನೆಯ ಭೂಮಣ್ಣಿ ಬುಟ್ಟಿ ಅವಳೇ ಬರೆಯುತ್ತಾಳೆ.

ಈಗ ಸಂಘದ ವಿಷಯಕ್ಕೆ ಬರುತ್ತೇನೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು ಎಂದು ಪ್ರತಿ ಸಹಕಾರ ಸಪ್ತಾಹದಲ್ಲೂ ನಾವು ಹೇಳುತ್ತೇವೆ. ಒಬ್ಬೊಬ್ಬರಿಂದ ಆಗದ್ದನ್ನು ನಾಲ್ಕು ಜನ ಸೇರಿ ಮಾಡುವುದು ಅಂದರೆ ಸಾಲ ಒಂದೇ ಅಂತ ಅವರೂ ತಿಳಿದಿರಲಾರರು. 1995ರಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ ಒಪ್ಪಿಕೊಂಡ ಏಳು ತತ್ವಗಳಲ್ಲಿ ಏಳನೆಯದು ಸುತ್ತಲಿನ ಸಮುದಾಯದ ಬಗ್ಗೆ ಕಾಳಜಿ. ಅದನ್ನು ಎಷ್ಟೋ ಕಡೆ ಬೋರ್ಡಿನಲ್ಲಿ ಬರೆಸಿ ಗೋಡೆಗೆ ಹಾಕಿರುತ್ತಾರೆ, ಟಿ.ವಿ. ಪಕ್ಕದಲ್ಲಿ.

2011ರ ಜನಗಣತಿಯಂತೆ ದೇಶದಲ್ಲಿ 60 ದಾಟಿದವರು 10 ಕೋಟಿ 38 ಲಕ್ಷ, ಅವರಲ್ಲಿ 7 ಕೋಟಿಗೂ ಹೆಚ್ಚು ಜನ ಹಳ್ಳಿಯವರು. ಅಂಕಿ ಬಿಡಿ, ನಮ್ಮ ಹೊಸಬಾಳೆಯನ್ನೇ ನೋಡಿ. ಬೆಳಿಗ್ಗೆ ಹತ್ತಕ್ಕೆ ಮಕ್ಕಳು ಶಾಲೆಗೆ, ನಾವು ಗದ್ದೆ ತೋಟಕ್ಕೆ ಹೋದ ಮೇಲೆ ಜಗಲಿಯ ಮೇಲೆ ಯಾರು ಉಳಿಯುತ್ತಾರೆ? ಸಂಜೆಯವರೆಗೆ ಅವರು ಯಾರ ಹತ್ತಿರ ಮಾತಾಡುತ್ತಾರೆ? ಊರಲ್ಲಿದ್ದೂ ಆಶ್ರಮದಲ್ಲಿದ್ದ ಹಾಗೇ ಇರುವವರು ನಮ್ಮ ಕೇರಿಯಲ್ಲೇ ಇದ್ದಾರೆ. ದೊಡ್ಡವ್ವನನ್ನು ಕೇಳಬೇಕಾದ ಪ್ರಶ್ನೆಯನ್ನು ನಾನು ಊರಲ್ಲಿದ್ದಾಗ ಕೇಳಲಿಲ್ಲ, ಆಶ್ರಮಕ್ಕೆ ಹೋದ ಮೇಲೆ ಕೇಳಿದೆ.

ಆದ್ದರಿಂದ ಆಡಳಿತ ಮಂಡಳಿಯ ಮುಂದೆ ನನ್ನದೊಂದು ಬೇಡಿಕೆ. ಗೊಬ್ಬರದ ಗೋದಾಮಿನ ಮುಂದಿನ ಜಗಲಿ ಮಧ್ಯಾಹ್ನ ಎರಡರಿಂದ ಐದರವರೆಗೆ ಖಾಲಿಯೇ ಇರುತ್ತದೆ. ವಾರದಲ್ಲಿ ಒಂದು ದಿನ ಅದನ್ನು ಊರಿನ ಹಿರಿಯರಿಗೆ ಬಿಟ್ಟುಕೊಡಬೇಕು. ಒಂದು ಉದ್ದನೆಯ ಮೇಜು, ಒರಗುವ ಕುರ್ಚಿ ಹತ್ತು, ಒಂದು ಟ್ಯೂಬ್‌ಲೈಟು, ನಾಲ್ಕು ಗಂಟೆಗೆ ಟೀ. ಗೊಬ್ಬರದ ವಾಸನೆ ಬರುತ್ತದೆ ಎಂದು ಹೇಳಬೇಡಿ, ಅವರು ಅದರಲ್ಲೇ ಬಾಳಿದವರು. ಕೆಲಸ ಬರುವವರು ಮಾಡಲಿ, ಬರದವರು ದಾರದ ಉಂಡೆ ಹಿಡಿದುಕೊಂಡು ಕೂರಲಿ. ಅದೂ ಬೇಡವಾದವರು ಸುಮ್ಮನೆ ಕೂತು ತಪ್ಪು ಹುಡುಕಲಿ, ಅಂಥವರೂ ಬೇಕು. ದಯವಿಟ್ಟು ಉದ್ಘಾಟನೆ, ಹಾರ, ಫೋಟೋ ಬೇಡ. ತಿಂಗಳಿಗೊಂದು ಸಲ ನಮ್ಮ ಸಂಘದ ಗಾಡಿ ಪೇಟೆಗೆ ಗೊಬ್ಬರ ತರಲು ಹೋಗುವಾಗ ಇಲ್ಲಿ ಮಾಡಿದ ಕಡ್ಡಿ, ಗರಿ, ನಾರನ್ನು ಆ ಆಶ್ರಮದ ಮೇಜಿಗೂ ಮುಟ್ಟಿಸಲಿ. ಹಗ್ಗದ ಅಜ್ಜ ಇನ್ನೂ ಇದ್ದಾರೆ. ಕಳೆದ ಸಲ ಹೋದಾಗ ನಾರು ತೀರಿತು ಅಂದರು.

ಮುಂದಿನ ಗುರುವಾರದಿಂದ, ಮಂಡಳಿ ಒಪ್ಪಿದರೆ ಗೋದಾಮಿನ ಜಗಲಿಯಲ್ಲಿ, ಒಪ್ಪದಿದ್ದರೆ ನಮ್ಮ ಮನೆಯ ಜಗಲಿಯಲ್ಲಿ ನಾನು ಕೂರುತ್ತೇನೆ. ಈಚಲು ಗರಿ ನಾನು ತರುತ್ತೇನೆ. ಮನೆಯಲ್ಲಿ ಹಳೇ ಸೀರೆ, ಪಂಚೆ ಇದ್ದವರು ಒಗೆದು ಕೊಡಿ. ಪುಂಡಿ ಬೆಳೆಯುವುದು ಈಗ ಕಡಿಮೆಯಾಗಿದೆ, ಯಾರ ಹಿತ್ತಲಲ್ಲಾದರೂ ನಾಲ್ಕು ಗಿಡ ಇದ್ದರೆ ಕಡಿದು ಬಿಸಾಡುವ ಮೊದಲು ನನಗೊಂದು ಮಾತು ಹೇಳಿ. ಗುರಿಗೆ ಕಾಯಿಯೂ ಬೇಕು.